ಜಾಗತೀಕರಣವೂ ಹರಳಯ್ಯನ ಕಾಯಕವೂ

2025ನೆಯ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಹೆಸರಾಂತ ಸಂಸ್ಥೆಯು ನಡೆಸಿದ ಉಡುಪುಗಳ ಪ್ರದರ್ಶನದಲ್ಲಿ ನಮ್ಮ ಕಡೆಯ ಚಪ್ಪಲಿಗಳನ್ನೇ ಹೋಲುವ ಪಾದರಕ್ಷೆಗಳು ಕಾಣಿಸಿಕೊಂಡವು. ಅವುಗಳನ್ನು ಚರ್ಮದ ಪಾದರಕ್ಷೆಗಳೆಂದಷ್ಟೇ ಕರೆದರೇ ಹೊರತು, ಆ ವಿನ್ಯಾಸ ಯಾವ ನಾಡಿನದು, ಯಾರ ಕೈಯಿಂದ ಬೆಳೆದು ಬಂದುದು ಎಂಬ ಮಾತು ಅಲ್ಲಿರಲಿಲ್ಲ. ಇದರಿಂದ ನೊಂದವರಲ್ಲಿ ನಮ್ಮ ಮಠದಲ್ಲಿದ್ದು ಓದಿದ ಹಳೆಯ ವಿದ್ಯಾರ್ಥಿಗಳೂ ಇದ್ದರು. ಕರೋಶಿ, ಚಿಕ್ಕೋಡಿ, ರಾಯಬಾಗದ ಕಡೆಯವರಾಗಿ ಈಗ ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ಕೆಲವರು ನಮಗೆ ಪತ್ರ ಬರೆದು, ಜಾಗತೀಕರಣವು ನಮ್ಮ ಸಂಸ್ಕೃತಿಯನ್ನು ಹಾಡಹಗಲೇ ಅಪಹರಿಸುತ್ತಿದೆಯೆಂದು ಆಕ್ಷೇಪಿಸಿದರು. ಈ ಆಕ್ಷೇಪವು ನಿರಾಧಾರವಾದುದಲ್ಲ. ಆದರೆ ಅದು ಅರ್ಧದಾರಿಯಲ್ಲಿಯೇ ನಿಂತುಬಿಟ್ಟಿದೆ ಎಂದು ನಮಗೆ ತೋರುತ್ತದೆ.

ಲೋಕವು ಕೊಲ್ಹಾಪುರಿ ಎಂದು ಕರೆಯುವ ಈ ಚಪ್ಪಲಿ ಕೊಲ್ಹಾಪುರದಲ್ಲಿ ಮಾತ್ರ ತಯಾರಾಗುವುದಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಇದು ತಲೆತಲಾಂತರದ ಕಾಯಕ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ಚರ್ಮ. ಮೊಳೆಯ ಸಹಾಯವಿಲ್ಲದೆ ಚರ್ಮದ ಎಳೆಯಿಂದಲೇ ಹಾಕಿದ ಹೊಲಿಗೆ. ಮೇಲಿನ ನವುರಾದ ಹೆಣಿಗೆಯ ಕೆಲಸವೆಲ್ಲ ಬಹುಮಟ್ಟಿಗೆ ಹೆಣ್ಣುಮಕ್ಕಳದು. ಕೊಲ್ಹಾಪುರದ ಶಾಹೂ ಮಹಾರಾಜರು ಈ ಉದ್ಯೋಗಕ್ಕೆ ಆಶ್ರಯವಿತ್ತರು; ದೊಡ್ಡ ಪೇಟೆಯೂ ಅಲ್ಲಿಯೇ ಬೆಳೆಯಿತು. ಹೀಗಾಗಿ ಕೈ ಈ ಕಡೆಯದಾದರೂ ಹೆಸರು ಆ ಕಡೆಯದಾಯಿತು. ಅಥಣಿ ಎಂದೊಡನೆ ಮುರುಘೇಂದ್ರ ಶಿವಯೋಗಿಗಳನ್ನು ಸ್ಮರಿಸಿ ಕೈಮುಗಿಯುವ ನಾವು, ಅದೇ ಅಥಣಿಯ ಓಣಿಯಲ್ಲಿ ಕುಳಿತು ಚರ್ಮ ಕೊಯ್ಯುವವನನ್ನು ಸ್ಮರಿಸಿದ್ದು ಎಷ್ಟು ಸಲ? ಮಿಲಾನಿನವರು ಹೆಸರನ್ನು ಮರೆಮಾಚುವುದಕ್ಕೆ ಬಹಳ ಹಿಂದೆಯೇ ಆ ಹೆಸರು ಮರೆಯಾಗಿತ್ತು.

2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದು ಸಂತೋಷದ ಸಂಗತಿ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರ, ಸೊಲ್ಲಾಪುರಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಗಡಿಯ ವಾದಗಳ ನಡುವೆ ಎರಡು ರಾಜ್ಯಗಳು ಒಂದೇ ಹಕ್ಕುಪತ್ರದಲ್ಲಿ ಕೂಡಿದ್ದು ಅಪರೂಪವೇ ಸರಿ. ಆದರೆ ಈ ಮಾನ್ಯತೆಯು ಮುಖ್ಯವಾಗಿ ಕಾಯುವುದು ಹೆಸರನ್ನು. ಹೆಸರನ್ನೇ ಎತ್ತದೆ ಆಕಾರವನ್ನು ಮಾತ್ರ ಎತ್ತಿಕೊಂಡವನನ್ನು ಇದರಿಂದ ಹಿಡಿಯುವುದು ಕಷ್ಟ. ಹೆಸರು ಹೇಳದಿರುವುದೇ ಅಪರಾಧವೆಂದು ನಾವು ಭಾವಿಸಿದರೆ, ಹೆಸರು ಹೇಳದಿರುವುದೇ ಅವರಿಗೆ ರಕ್ಷಣೆಯಾಯಿತು!

ಜಾಗತೀಕರಣದಿಂದ ಹಾನಿಯೊಂದೇ ಆಯಿತೆನ್ನುವುದು ನ್ಯಾಯವಲ್ಲ. ಅಥಣಿಯಲ್ಲಿ ಟೋಹೋಲ್ಡ್ ಎಂಬ ಹೆಸರಿನಿಂದ ಕುಶಲಕರ್ಮಿಗಳು ಸಂಘಟಿತರಾಗಿ ತಮ್ಮ ಸರಕನ್ನು ಹೊರದೇಶಗಳಿಗೆ ಕಳಿಸಿದರು. ಮನೆಯ ಮೂಲೆಯಲ್ಲಿ ಕುಳಿತು ಹೆಣೆಯುತ್ತಿದ್ದ ಹೆಣ್ಣುಮಕ್ಕಳು ಸ್ವಸಹಾಯ ಸಂಘಗಳ ಮೂಲಕ ತಮ್ಮ ದುಡಿಮೆಯ ಲೆಕ್ಕವನ್ನು ತಾವೇ ಇಡತೊಡಗಿದರು. ಊರು ಕೊಡದ ಮನ್ನಣೆಯನ್ನು ಪರದೇಶದ ಗಿರಾಕಿ ಕೊಟ್ಟನೆಂದರೆ ನಾವು ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದು.

ಈ ಯುಗವು ಕೆಡಿಸಿದ್ದು ನಮ್ಮ ಕಣ್ಣನ್ನು. 1991ರ ನಂತರ ಪೇಟೆಗಳು ತೆರೆದುಕೊಂಡಂತೆ ವಸ್ತುವಿನ ಯೋಗ್ಯತೆಯನ್ನು ಅದರ ಮೇಲಿನ ಮುದ್ರೆಯಿಂದ ಅಳೆಯುವ ಚಾಳಿಯು ಹಳ್ಳಿಯ ಮನೆಮನೆಗೂ ಇಳಿಯಿತು. ಅನ್ಯರನ್ನು ದೂರುವ ಮುನ್ನ ನಮ್ಮದನ್ನೇ ಹೇಳಿಕೊಳ್ಳಬೇಕು. ಸಾಧಕರಾಗಿ ಧಾರವಾಡದಲ್ಲಿ ಓದುತ್ತಿದ್ದಾಗ, ಊರಿನಿಂದ ಮೆಟ್ಟಿ ಹೋಗಿದ್ದ ಚಪ್ಪಲಿಯ ಕರಕರ ಸದ್ದಿಗೆ ಸಹಪಾಠಿಗಳು ನಕ್ಕರೆಂದು ನಾವು ಅದನ್ನು ಬಿಟ್ಟು ರಬ್ಬರಿನ ಜೋಡನ್ನು ಕೊಂಡೆವು. ಯಾವ ಪರದೇಶದವನೂ ಬಂದು ನಮಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಇಂದು ಅದೇ ಸದ್ದಿನ ಚಪ್ಪಲಿ ಮಿಲಾನಿಗೆ ಹೋಗಿ ಬಂದಿತೆಂದು ಮದುವೆಗಳಲ್ಲಿ ಯುವಕರು ಅದನ್ನು ಹುಡುಕಿ ಮೆಟ್ಟುತ್ತಾರೆ. ಮೆಟ್ಟಲಿ, ಸಂತೋಷ. ಆದರೆ ಕೊಳ್ಳುವಾಗ ಮಾತ್ರ ಹೊಲಿದವನೊಡನೆ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ!

ಶರಣಧರ್ಮದ ಅನುಯಾಯಿಗಳಾದ ನಮಗೆ ಈ ಪ್ರಸಂಗ ಬೇರೆಯವರಿಗಿಂತ ಹೆಚ್ಚು ತಾಕಬೇಕು. ಬಸವಣ್ಣನವರು ತನ್ನ ಒಂದು ಶರಣಿಗೆ ಎರಡು ಶರಣು ಹೇಳಿದರೆಂಬ ಭಾರವನ್ನು ತಾಳಲಾರದೆ, ಹರಳಯ್ಯನು ಪತ್ನಿ ಕಲ್ಯಾಣಮ್ಮನೊಡನೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ಒಪ್ಪಿಸಿದ ಕಥೆಯನ್ನು ನಾವು ಪ್ರವಚನಗಳಲ್ಲಿ ಕಣ್ಣೀರಿಡುತ್ತ ಕೇಳುತ್ತೇವೆ. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು. ಆ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟುದಕ್ಕಾಗಿ ಕಲ್ಯಾಣವೇ ಹೊತ್ತಿ ಉರಿಯಿತು. ಪ್ರವಚನ ಮುಗಿದ ಮೇಲೆ ಹೊರಬಂದು ಮೆಟ್ಟಿಕೊಳ್ಳುವ ಚಪ್ಪಲಿಯನ್ನು ಹೊಲಿದವನು ಯಾರೆಂದು ಯಾರೂ ಕೇಳುವುದಿಲ್ಲ. ಪುರಾಣದ ಹರಳಯ್ಯ ನಮಗೆ ಪೂಜ್ಯ. ಓಣಿಯ ಹರಳಯ್ಯ ಇಂದಿಗೂ ಊರ ಅಂಚಿನವನು. ಈ ಅಂತರವನ್ನು ಜಾಗತೀಕರಣವು ತರಲಿಲ್ಲ, ಅದು ಇಲ್ಲಿಯದೇ.

ಪ್ರತಿಭಟನೆಯ ಫಲವಾಗಿ ಪ್ರಾಡಾ ಸಂಸ್ಥೆಯು ತನ್ನ ವಿನ್ಯಾಸಕ್ಕೆ ಭಾರತೀಯ ಪರಂಪರೆಯೇ ಪ್ರೇರಣೆಯೆಂದು ಒಪ್ಪಿಕೊಂಡಿತು. 2025ರ ಡಿಸೆಂಬರಿನಲ್ಲಿ ನಮ್ಮ ಲಿಡ್‌ಕರ್ ಹಾಗೂ ಮಹಾರಾಷ್ಟ್ರದ ಲಿಡ್‌ಕಾಮ್ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, 2,000 ಜೊತೆಗಳನ್ನು ಇಲ್ಲಿಯ ಕುಶಲಕರ್ಮಿಗಳಿಂದಲೇ ಮಾಡಿಸಿ, ಜೊತೆಯೊಂದಕ್ಕೆ ಸುಮಾರು 800 ಯುರೋ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ಅದು ನಮ್ಮ ಎಂಬತ್ತು ಸಾವಿರ ರೂಪಾಯಿಗೂ ಮಿಕ್ಕಿದ ಮೊತ್ತ.

ಈ ಸುದ್ದಿ ಬಂದ ಕೆಲವು ದಿನಗಳಲ್ಲಿ, ಅಥಣಿಯ ಕಡೆಯ ಹಿರಿಯ ಚಪ್ಪಲಿ ಕಾಯಕದವರೊಬ್ಬರು ಮಠಕ್ಕೆ ಬಂದಿದ್ದರು. ಒಳಗೆ ಬರಬೇಡಿರೆಂದು ಅವರಿಗೆ ಇಲ್ಲಿ ಯಾರೂ ಹೇಳುವುದಿಲ್ಲ; ಆದರೂ ಹೊಸ್ತಿಲ ಹೊರಗೆಯೇ ನಿಂತಿದ್ದರು. ಎರಡು ಸಲ ಕರೆದ ಮೇಲೆ ಒಳಬಂದು ಬಾಗಿಲ ಬಳಿಯೇ ಕುಳಿತರು. ಮಿಲಾನಿನ ವಿಚಾರ ತೆಗೆದೆವು.

“ಅಪ್ಪಾರ, ಅವರು ನಮ್ಮ ಹೆಸರ ಹೇಳಲಿಲ್ಲಂತ ಎಲ್ಲಾರೂ ಸಿಟ್ಟಾಗ್ಯಾರ. ಐವತ್ತ ವರ್ಷ ಹೊಲದೇನಿ, ನಮ್ಮೂರಾಗ ನನ್ನ ಹೆಸರ ಎಷ್ಟ ಮಂದಿಗೆ ಗೊತ್ತೈತ್ರಿ?” ಎಂದರು. ಮಗನು ಈ ಕೆಲಸ ಬಿಟ್ಟು ಇಚಲಕರಂಜಿಯ ಮಗ್ಗಕ್ಕೆ ಹೋಗುತ್ತಾನಂತೆ. ಚರ್ಮದ ಕೆಲಸದವನೆಂದರೆ ಸಂಬಂಧ ಕೂಡಿ ಬರುವುದಿಲ್ಲವೆಂಬುದು ಅವನ ಸಂಕಟ. ಆಮೇಲೆ ಆ ಹಿರಿಯರು, “ಎರಡು ಸಾವಿರ ಜೋಡಂತಲ್ರಿ, ಅದರಾಗ ನಮ್ಮ ಓಣಿಗೆ ಎಷ್ಟು ಬರ್ತಾವ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಸಾದಕ್ಕೆ ಏಳಿರೆಂದಾಗ ಅವರು ಪಂಕ್ತಿಯ ಕೊನೆಯನ್ನು ಹುಡುಕುತ್ತಿದ್ದರು; ಕೈಹಿಡಿದು ನಮ್ಮ ಪಕ್ಕದಲ್ಲಿ ಕೂಡಿಸಿಕೊಂಡೆವು. ಎದುರು ಸಾಲಿನಲ್ಲಿದ್ದ ಭಕ್ತರಿಬ್ಬರು ಎದ್ದು ಬೇರೆಡೆಗೆ ಹೋಗಿ ಕುಳಿತರು. ಇಬ್ಬರ ಕಾಲಲ್ಲಿಯೂ ಅಂದು ಹೊಸ ಕೊಲ್ಹಾಪುರಿಗಳಿದ್ದುದನ್ನು ಅವರು ಮಠಕ್ಕೆ ಬಂದಾಗಲೇ ಗಮನಿಸಿದ್ದೆವು.