ಮೂಲೆಯಲ್ಲೊಂದು ಸಾಲು

ವ್ಯಂಗ್ಯಚಿತ್ರ ಕಂಡರೆ ನಾನು ಮೊದಲು ನೋಡುವುದು ಅದರ ಮೂಲೆಯನ್ನು. ಈ ಚಟ ಹತ್ತಿಸಿದವರು ಸ್ಪೇನಿನ ವ್ಯಂಗ್ಯಚಿತ್ರಕಾರ ಫೋರ್ಹೆಸ್.

ನಿಜ ಹೆಸರು ಆಂಟೋನಿಯೊ ಫ್ರಾಗುವಾಸ್. ಫ್ರಾಗುವಾ ಅಂದರೆ ಕುಲುಮೆ. ತಾಯಿಯ ಕಡೆಯ ಕೆಟಲಾನ್ ಭಾಷೆಗೆ ಆ ಮನೆತನದ ಹೆಸರನ್ನು ತಿರುಗಿಸಿ ಫೋರ್ಹೆಸ್ ಎಂದು ಸಹಿ ಹಾಕಿದರು. 1942ರಲ್ಲಿ ಮ್ಯಾಡ್ರಿಡ್‌ನಲ್ಲಿ ಜನನ. ಹದಿನಾಲ್ಕಕ್ಕೇ ಸರ್ಕಾರಿ ಟೆಲಿವಿಷನ್ನಿನಲ್ಲಿ ತಂತ್ರಜ್ಞನ ಕೆಲಸ. 1964ರಲ್ಲಿ ‘ಪುಎಬ್ಲೊ’ ಪತ್ರಿಕೆಯಲ್ಲಿ ಮೊದಲ ಚಿತ್ರ ಬಂತು. ಆದರೂ ಸಂಬಳದ ಕೆಲಸ ಬಿಟ್ಟು ಚಿತ್ರವನ್ನೇ ನೆಚ್ಚಿಕೊಂಡದ್ದು 1973ರಲ್ಲಿ, ಸರ್ವಾಧಿಕಾರಿ ಫ್ರಾಂಕೊ ಇನ್ನೂ ಬದುಕಿದ್ದಾಗ. ಅದಕ್ಕೆ ಎದೆಗಾರಿಕೆ ಬೇಕಿತ್ತು.

ಅವರ ಚಿತ್ರ ದೂರದಿಂದಲೇ ಗುರುತು ಸಿಗುತ್ತದೆ. ಮಾತಿನ ಬಲೂನಿಗೆ ದಪ್ಪ ಕಪ್ಪು ಅಂಚು. ಒಳಗೆ ಅವರದೇ ಕೈಬರಹ. ದಪ್ಪಮೂಗಿನ, ಕನ್ನಡಕದ ಮರಿಯಾನೊ, ಅವನಿಗಿಂತ ಗಟ್ಟಿಗಿತ್ತಿ ಹೆಂಡತಿ ಕೊಂಚಾ. ಬಟ್ಟಬಯಲಲ್ಲಿ ನಿಂತು ಲೋಕದ ನ್ಯಾಯ ಮಾತಾಡುವ ಹಳ್ಳಿಗರು ಬ್ಲಾಸಿಯೊಗಳು. ನನಗೆ ಅಚ್ಚುಮೆಚ್ಚು ಕಪ್ಪುಡುಗೆಯ ಹಳ್ಳಿ ಮುದುಕಿಯರು. ಪೇಟೆಯವರಿಗೂ ಎಟುಕದ ಕಂಪ್ಯೂಟರ್ ಮಾತನ್ನು ಅವರು ಸೊಪ್ಪು ಸೋಸುವಷ್ಟು ಸಲೀಸಾಗಿ ಆಡುತ್ತಾರೆ. ಫೋರ್ಹೆಸ್ ಹಳ್ಳಿಯನ್ನು ಎಂದೂ ದಡ್ಡರ ಊರಾಗಿ ಬರೆಯಲಿಲ್ಲ. ಅಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಂತವನನ್ನೂ ಹಾಗೇ ಕಾಪಾಡಿಕೊಂಡರು.

1995ರಿಂದ ಅವರು ‘ಎಲ್ ಪಾಯಿಸ್’ ಪತ್ರಿಕೆಯವರು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಮಿ ನಡುಗಿ ರಾಜಧಾನಿ ಪೋರ್ಟೊಪ್ರಿನ್ಸ್ ನೆಲಕಚ್ಚಿತು. ಜಗತ್ತಿನ ಮುಖಪುಟಗಳೆಲ್ಲ ಅತ್ತ ತಿರುಗಿದವು, ಕೆಲವು ವಾರಗಳಲ್ಲಿ ಮತ್ತೆ ಇತ್ತ ಹೊರಳಿದವು. ಫೋರ್ಹೆಸ್ ಹೊರಳಲಿಲ್ಲ. ಚಿತ್ರದ ವಿಷಯ ಬ್ಯಾಂಕಿರಲಿ, ನಿರುದ್ಯೋಗವಿರಲಿ, ಗಂಡಹೆಂಡಿರ ಜಗಳವಿರಲಿ, ಒಂದು ಬದಿಗೆ ಪುಟ್ಟ ಸಾಲು: ಆದರೆ ಹೈಟಿಯನ್ನು ಮರೆಯಬೇಡ. ವರ್ಷಗಟ್ಟಲೆ ಬರೆದರು. ಪತ್ರಿಕೆಯೆಂಬುದು ನಿನ್ನೆಯದನ್ನು ಮರೆಸುತ್ತಲೇ ಬದುಕುವಂಥದ್ದು. ಅದರ ಪುಟದೊಳಗೇ ಕೂತು ಒಬ್ಬ ಚಿತ್ರಕಾರ ಅದಕ್ಕೆ ಒಪ್ಪದೆ ಹೋದ ಇನ್ನೊಂದು ನಿದರ್ಶನ ನಾನು ಕಂಡಿಲ್ಲ. ನಗುವಿಗೂ ಆ ಸಾಲಿಗೂ ಹೊಂದಾಣಿಕೆಯೇ ಇರುತ್ತಿರಲಿಲ್ಲ. ನಕ್ಕ ತುಟಿ ಮುಚ್ಚುವ ಮೊದಲೇ ಕಣ್ಣಿಗೆ ತಾಗುತ್ತಿತ್ತು.

2018ರ ಫೆಬ್ರುವರಿ 22ರಂದು ಅವರು ತೀರಿಕೊಂಡರು. ಹಳೆಯ ಚಿತ್ರ ಸಿಕ್ಕಾಗಲೆಲ್ಲ ಆ ಸಾಲಿನ ಕ್ರಿಯಾಪದವನ್ನೇ ನೋಡುತ್ತೇನೆ. ‘ನೀವು’ ಎನ್ನುವ ಮರ್ಯಾದೆಯ ರೂಪ ಸ್ಪ್ಯಾನಿಷಿನಲ್ಲೂ ಉಂಟು. ಲಕ್ಷಾಂತರ ಓದುಗರಿಗೆ ಬರೆಯುವಾಗಲೂ ಅವರು ಆರಿಸಿಕೊಂಡದ್ದು ‘ನೀನು’.