ಬಾರಿಹಣ್ಣಿನ ವಡೆ

ಕೊಂಕಲ್ ಊರು ಸೇಬಿನ ಸೀಮೆಯಲ್ಲ. ಈ ಬಿಸಿಲಿಗೆ ಒಗ್ಗುವುದು ಬಾರಿಹಣ್ಣು. ಸಂಕ್ರಾಂತಿಯ ಹೊತ್ತಿಗೆ ಬದುವಿನ ಮುಳ್ಳುಗಿಡಗಳು ಉದುರಿಸಿದ್ದನ್ನು ಎಷ್ಟಂತ ತಿನ್ನುವುದು? ಹಬ್ಬದ ಶಾಸ್ತ್ರಕ್ಕೆಂದು ಮಕ್ಕಳ ತಲೆಮೇಲೆ ಸುರಿದರೂ ಮಿಗುತ್ತದೆ. ಮಿಕ್ಕಿದ್ದಕ್ಕೆ ಒರಳೇ ಗತಿ. ಮೆತ್ತಗಾದ ಹಣ್ಣಿಗೆ ಬೆಲ್ಲ, ಉಪ್ಪು, ಜೀರಿಗೆ, ಒಣಮೆಣಸಿನಕಾಯಿ ಸೇರಿಸಿ ಬೀಜಸಮೇತ ಕುಟ್ಟಿ, ಅಂಗೈಯಲ್ಲಿ ತಟ್ಟಿ, ಮಾಳಿಗೆ ಮೇಲೆ ಬಟ್ಟೆ ಹಾಸಿ ಒಣಗಿಸಿದರೆ ವಡೆ. ಒಲೆಯಿಲ್ಲ, ಎಣ್ಣೆಯಿಲ್ಲ. ನೀರಿನಂಶ ಆರಿದಂತೆ ಸಿಹಿ, ಹುಳಿ ಎರಡೂ ಗಟ್ಟಿಯಾಗುತ್ತವೆ. ಚೆನ್ನಾಗಿ ಒಣಗಿದ್ದಕ್ಕೆ ಬೂಸರ ಹಿಡಿಯುವುದಿಲ್ಲ. ತೋಟದ ದಪ್ಪ ಆ್ಯಪಲ್ ಬಾರಿ ಇದಕ್ಕೆ ಸಲ್ಲದು, ಬರೀ ಸಿಹಿನೀರು. ಗೋಲಿಯಷ್ಟಿರುವ ಜವಾರಿ ಹಣ್ಣೇ ಆಗಬೇಕು. ಬೆಲ್ಲವನ್ನು ಹದ್ದುಬಸ್ತಿನಲ್ಲಿಡುವುದು ಅದರ ಒಗರು. ಒಂದು ಚೂರು ದವಡೆಗಿಟ್ಟುಕೊಂಡರೆ ಬಹಳ ಹೊತ್ತು ಬರುತ್ತದೆ. ಕಚ್ಚುವಾಗ ಮಾತ್ರ ಜೋಕೆ, ಬೀಜದ ಚೂರು ಹಲ್ಲಿಗೆ ಸಿಕ್ಕೀತು.