ಕಾರಿಹೆಗ್ಗಡೆಯ ಕ್ಷಮೆ

ಆಂಗ್ಲ ಸಾಹಿತ್ಯದ ಸಹವಾಸದಿಂದ ಕನ್ನಡಕ್ಕೆ ಒದಗಿದ ಲಾಭವೇನೆಂಬ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶಕರು ಮೊದಲು ಛಂದಸ್ಸಿನ ಲೆಕ್ಕವನ್ನು ತೆಗೆಯುವುದು ವಾಡಿಕೆಯಾಗಿದೆ. ಪ್ರಾಸದ ಕಟ್ಟು ಸಡಿಲಿತು, ಕಂದ ಷಟ್ಪದಿಗಳ ಪಕ್ಕದಲ್ಲಿ ಹೊಸ ಮಟ್ಟುಗಳು ಹುಟ್ಟಿದುವು, ಭಾವಗೀತವೆಂಬುದೊಂದು ಜಾತಿ ಬೆಳೆಯಿತು ಎಂದು ಹೇಳಿ, ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಎಂಬ 1926ರ ಪುಸ್ತಕಕ್ಕೆ ಕೈಮುಗಿದು ಮುಂದೆ ಸಾಗುತ್ತಾರೆ. ಇದು ಸುಳ್ಳಲ್ಲ. ಆದರೆ ಮಟ್ಟು ಬದಲಾದುದು ಹೊರಗಿನ ಸಂಗತಿ. ಒಳಗೆ ನಡೆದುದು ಬೇರೊಂದು ಇದೆಯೆಂದು ನನ್ನ ಎಣಿಕೆ. ಅದನ್ನು ನನಗೆ ತಿಳಿಯಹೇಳಿದುದು ಯಾವ ಲಕ್ಷಣಗ್ರಂಥವೂ ಅಲ್ಲ. ಏಳನೆಯ ತರಗತಿಯ ಒಬ್ಬ ಹುಡುಗಿ.

ಆ ಪುಸ್ತಕದಲ್ಲಿರುವ ‘ಕಾರಿಹೆಗ್ಗಡೆಯ ಮಗಳು’ ಎಂಬ ಕಥನಗೀತವನ್ನು ವಾಚಕರಲ್ಲಿ ಬಹುಮಂದಿ ಬಾಲ್ಯದಲ್ಲಿಯೇ ಕಂಠಪಾಠ ಮಾಡಿರಬೇಕು. ಮೂಲವು ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಬೆಲ್ಲನದು, 1809ರಲ್ಲಿ ಪ್ರಕಟವಾಯಿತು. ಹೆಗ್ಗಡೆಯೊಬ್ಬನ ಮಗಳು ತಾನು ಮೆಚ್ಚಿದ ಗೌಡನೊಡನೆ ಓಡಿಬಂದಿದ್ದಾಳೆ. ಹಿಂದೆ ತಂದೆಯ ಕುದುರೆಯಾಳುಗಳು, ಮುಂದೆ ಬಿರುಗಾಳಿಗೆ ಸಿಕ್ಕ ನೀರು. ದೋಣಿಯವನು ಹಣಕ್ಕಾಗಿ ಅಲ್ಲ, ಹೆಣ್ಣಿನ ಮುಖ ನೋಡಿ ದೋಣಿಯನ್ನು ಬಿಡುತ್ತಾನೆ. ತಂದೆಯು ದಡಕ್ಕೆ ಬಂದು ಮುಟ್ಟುವಾಗ ದೋಣಿ ಮುಳುಗುತ್ತಿದೆ. ಅವನ ಕೋಪ ಅಳುವಾಗಿ, ಹಿಂದಿರುಗಿ ಬಾ, ನಿನ್ನವನನ್ನು ಕ್ಷಮಿಸಿದೆನೆಂದು ಕೂಗುತ್ತಾನೆ. ನೀರು ಆ ಮಾತನ್ನು ಕೇಳುವುದಿಲ್ಲ.

ಹುಲಿಗಿಯ ಮಕ್ಕಳಿಗೆ ಈ ಪದ್ಯದ ಭೂಗೋಳವನ್ನು ವಿವರಿಸಬೇಕಾದ ಪ್ರಯಾಸವಿಲ್ಲ. ಹುಲಿಗೆಮ್ಮನ ಗುಡಿಯ ಬಳಿಯಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಅಣೆಕಟ್ಟು ಏಳುವುದಕ್ಕೆ ಮುಂಚೆ ಶ್ರಾವಣದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿದ ಹಿರಿಯರ ಮಾತುಗಳನ್ನು ಮನೆಮನೆಯವರೂ ಕೇಳಿದವರೇ. 2024ರ ಆಗಸ್ಟಿನಲ್ಲಿ ಅಣೆಯ 19ನೆಯ ಗೇಟು ಕೊಚ್ಚಿಹೋದಾಗ ಹೊಳೆಯ ದಡದಲ್ಲಿ ನಿಂತವರಿಗಂತೂ ನೀರಿನ ಆರ್ಭಟವನ್ನು ಯಾವ ಕವಿಯೂ ವರ್ಣಿಸಿ ಹೇಳಬೇಕಾಗಿಲ್ಲ. ಪದ್ಯದ ‘ತೊರೆಯ’ ಎಂಬ ಮೈಸೂರು ಸೀಮೆಯ ಮಾತೊಂದು ಮಾತ್ರ ನಮ್ಮ ಮಕ್ಕಳಿಗೆ ತಡೆಯುತ್ತದೆ. ‘ಅಂಬಿಗ’ ಎಂದೊಡನೆ ಮುಖ ಅರಳುತ್ತದೆ.

ನಾನು ಪದ್ಯವನ್ನು ರಾಗವಾಗಿ ಓದಿ ಮುಗಿಸಿದ ಮೇಲೆ ಆ ಹುಡುಗಿ ಎದ್ದು ನಿಂತು, “ಸರ್, ದೋಣಿ ಆಚೆ ದಂಡಿ ಮುಟ್ಟಿದ್ದರೆ ಅವರಪ್ಪ ಕ್ಷಮಿಸ್ತಿದ್ದನೇನ್ರಿ?” ಎಂದು ಕೇಳಿದಳು. ತಂದೆಯಲ್ಲವೇ, ಕ್ಷಮಿಸದೆ ಏನು ಮಾಡಿಯಾನು ಎಂದು ನಾನು ಉತ್ತರವಿತ್ತೆನು. ಅವಳು ಕುಳಿತುಕೊಂಡಳು, ಒಪ್ಪಿದವಳಂತೆ ಕಾಣಲಿಲ್ಲ. ಮನೆಗೆ ಬಂದು ಪುಸ್ತಕವನ್ನು ತೆರೆದೆನು. ನನ್ನ ಇಂಗ್ಲಿಷು ಪಾಠಶಾಲೆಯನ್ನು ಬಿಟ್ಟ ಮೇಲೆ ನಿಘಂಟನ್ನು ಹಿಡಿದು ಸಂಪಾದಿಸಿದುದು. ಆದರೂ ಕ್ಯಾಂಬೆಲ್ಲನ ಪದ್ಯ ಎಳೆಯರಿಗೂ ತಿಳಿಯುವಷ್ಟು ಸರಳವಾದುದರಿಂದ ಎರಡನ್ನೂ ಪಕ್ಕದಲ್ಲಿಟ್ಟು ಓದುವುದು ಸಾಧ್ಯವಾಯಿತು. ಆಗ ನನ್ನ ಉತ್ತರ ತಪ್ಪೆಂದು ಕಂಡಿತು. ಉತ್ತರ ಪದ್ಯದೊಳಗೇ ಇದೆ. ದೋಣಿಯನ್ನು ಏರುವ ಮೊದಲೇ ಆ ಹೆಣ್ಣು, ಕೆರಳಿದ ಆಕಾಶವನ್ನಾದರೂ ಎದುರಿಸಿಯೇನು, ಕೆರಳಿದ ತಂದೆಯನ್ನು ಎದುರಿಸಲಾರೆನೆಂಬ ಅಭಿಪ್ರಾಯವನ್ನು ಆಡುತ್ತಾಳೆ. ಹಿಂದೆ ಬರುತ್ತಿರುವವರು ಸಿಕ್ಕರೆ ತನ್ನನ್ನು ಕೊಲ್ಲುವರೆಂಬುದರಲ್ಲಿ ಗೌಡನಿಗೆ ಸಂದೇಹವಿಲ್ಲ. ತಂದೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಮಗಳು. ಅವಳ ತೀರ್ಮಾನ ಅದು. ಹೆಗ್ಗಡೆಯ ಕ್ಷಮೆ ಹುಟ್ಟಿದುದು ಮಗಳ ಮೇಲಿನ ಪ್ರೀತಿಯಿಂದ ಎಂಬುದು ನಿಜವೇ ಇರಬಹುದು. ಆದರೆ ಅದು ಹುಟ್ಟಿದುದು ಮಗಳು ಮುಳುಗುವುದನ್ನು ಕಂಡ ಮೇಲೆ. ಕೊಟ್ಟರೂ ತಲುಪದ ಹೊತ್ತಿನಲ್ಲಿ ಕೊಟ್ಟ ಕ್ಷಮೆ ಅದು.

ತಂದೆಗೆ ಇಷ್ಟು ಕೋಪವೇಕೆಂಬುದನ್ನು ಮೂಲಕವಿ ಹೇಳಲಿಲ್ಲ. ಶ್ರೀಯವರೂ ಕಾರಣವನ್ನು ಸೇರಿಸುವ ಗೊಡವೆಗೆ ಹೋಗಲಿಲ್ಲ. ಅನುವಾದಕರಲ್ಲಿ ಈ ಸಂಯಮ ಅಪೂರ್ವ. ಹೆಗ್ಗಡೆ, ಗೌಡ ಎಂಬ ಎರಡು ಹೆಸರುಗಳನ್ನಿಟ್ಟು, ನಡುವಿನ ವೈರ ಏನೆಂಬುದನ್ನು ಓದುವವನ ಊರಿಗೆ ಬಿಟ್ಟುಬಿಟ್ಟಿದ್ದಾರೆ. ಪ್ರತಿಯೊಂದು ಊರೂ ತನ್ನ ಕಾರಣವನ್ನು ತಾನೇ ತುಂಬಿಕೊಳ್ಳುತ್ತದೆ. ಇನ್ನು ಛಂದಸ್ಸಿನ ಮಾತು: ಪ್ರಾಸವನ್ನು ಬಿಟ್ಟವರೆಂದು ಹೆಸರಾದ ಶ್ರೀಯವರು ಈ ಪದ್ಯದ ಆರಂಭದಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಇಟ್ಟುಕೊಂಡೇ ಇದ್ದಾರೆ, ನಡಿಗೆಯೂ ಮೂರು ನಾಲ್ಕು ಮಾತ್ರೆಗಳ ಭಾಮಿನಿಯ ನಡಿಗೆ. ಗದುಗಿನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದ ನಮ್ಮ ಸೀಮೆಯ ಕಿವಿಗೆ ಇದು ಪರಕೀಯವೆನಿಸದಿರುವುದಕ್ಕೆ ಇದೇ ಕಾರಣ. ಹೊಸತನವನ್ನು ಮಟ್ಟಿನಲ್ಲಿ ಹುಡುಕುವವರು ಇಲ್ಲಿ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಹೊಸತೆಂದರೆ, ಕವಿ ಆ ಹೆಣ್ಣನ್ನು ನೀರಿನಲ್ಲಿಯೇ ಬಿಟ್ಟುದು.

ಇದು ಎಂತಹ ಧೈರ್ಯವೆಂಬುದನ್ನು ತಿಳಿಯಲು ಮೂವತ್ತೇಳು ವರ್ಷ ಹಿಂದೆ ಹೋಗಬೇಕು. 1889ರಲ್ಲಿ ಆನಂದರಾಯರು ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ಟರ ಕಥೆಯನ್ನು ‘ರಾಮವರ್ಮ ಲೀಲಾವತಿ’ ಎಂಬ ನಾಟಕವಾಗಿ ಕನ್ನಡಿಸಿದರು. ಅಲ್ಲಿ ಸತ್ತ ಪ್ರೇಮಿಗಳು ಕೊನೆಗೆ ದೈವಾನುಗ್ರಹದಿಂದ ಮರಳಿ ಜೀವ ಪಡೆಯುತ್ತಾರೆ. ಇಂಗ್ಲಿಷು ಬಲ್ಲವರು ಇದನ್ನು ಕಂಡು ನಗುವುದುಂಟು. ನಾನು ನಗಲಾರೆ, ನಾನು ಕಲಿತ ಶಾಸ್ತ್ರವೇ ಅವರ ಕೈಯಲ್ಲಿ ಹಾಗೆ ಬರೆಯಿಸಿತು. ಧನಂಜಯನ ದಶರೂಪಕವು ನಾಯಕನ ವಧೆ ಎಲ್ಲಿಯೂ ಸಲ್ಲದೆಂದು ವಿಧಿಸುತ್ತದೆ. ಭರತವಾಕ್ಯದ ಮಂಗಳವಿಲ್ಲದೆ ನಾಟಕ ಮುಗಿಯದು. ಈ ನಿಯಮಕ್ಕೆ ಒಳಪಡದ, ದುರ್ಯೋಧನನ ಸಾವಿನಲ್ಲಿ ಮುಗಿಯುವ ಭಾಸನ ‘ಊರುಭಂಗ’ವು ಆ ಕಾಲದ ಪಂಡಿತರ ಕಣ್ಣಿಗೆ ಬಿದ್ದಿರಲಿಲ್ಲ, ಭಾಸನ ನಾಟಕಗಳನ್ನು ಗಣಪತಿಶಾಸ್ತ್ರಿಗಳು ತಿರುವನಂತಪುರದಿಂದ ಅಚ್ಚುಹಾಕಿಸತೊಡಗಿದುದು 1912ರಲ್ಲಿ. ಅಲ್ಲದೆ ಇಂಗ್ಲಿಷರಾದರೂ ಈ ವಿಷಯದಲ್ಲಿ ನಮಗಿಂತ ಗಟ್ಟಿಗರಾಗಿದ್ದರೆಂದು ತಿಳಿಯಬೇಕಾಗಿಲ್ಲ. 1681ರಲ್ಲಿ ನಹುಮ್ ಟೇಟ್ ಎಂಬವನು ಲಿಯರ್ ದೊರೆಯ ನಾಟಕವನ್ನು ತಿದ್ದಿ, ಕಾರ್ಡೀಲಿಯಳನ್ನು ಬದುಕಿಸಿ ಮದುವೆ ಮಾಡಿಸಿದನು. ಲಂಡನ್ನಿನ ರಂಗಭೂಮಿಯಲ್ಲಿ ಸುಮಾರು ಒಂದೂವರೆ ಶತಮಾನ ನಡೆದುದು ಈ ತಿದ್ದಿದ ನಾಟಕವೇ. ಮೂಲಪಾಠವನ್ನು ನಟ ಮೆಕ್ರೀಡಿಯು ಮತ್ತೆ ರಂಗಕ್ಕೆ ತಂದುದು 1838ರಲ್ಲಿ. ಕಾರ್ಡೀಲಿಯಳ ಸಾವನ್ನು ಓದಿ ಮನಸ್ಸು ಕಲಕಿದ ಡಾಕ್ಟರ್ ಜಾನ್ಸನ್ನನು, ಸಂಪಾದಕನಾಗಿ ಓದಲೇಬೇಕಾಗಿ ಬರುವವರೆಗೂ ಆ ಕೊನೆಯ ದೃಶ್ಯಗಳನ್ನು ಮತ್ತೆ ತೆರೆಯಲಾರದೆ ಹೋದೆನೆಂದು ಒಪ್ಪಿಕೊಂಡಿದ್ದಾನೆ. ಮಗಳ ಸಾವನ್ನು ತಾಳಲಾರದ ಹೃದಯ ಎಲ್ಲ ದೇಶದಲ್ಲಿಯೂ ಒಂದೇ.

ಆದರೆ ಹೃದಯ ತಾಳಲಾರದೆಂಬುದು ಒಂದು; ಸತ್ತವಳನ್ನು ಎಬ್ಬಿಸಿದರೆ ಯಾರಿಗೆ ಲಾಭವೆಂಬುದು ಇನ್ನೊಂದು. ಕಾರಿಹೆಗ್ಗಡೆಯ ಮಗಳನ್ನು ಯಾವುದಾದರೂ ದೇವತೆ ಬಂದು ದಡಕ್ಕೆ ತಂದು ನಿಲ್ಲಿಸಿದ್ದರೆ, ತಂದೆ ಅಪ್ಪಿಕೊಳ್ಳುತ್ತಿದ್ದನು, ಮಂಗಳವಾದ್ಯ ಮೊಳಗುತ್ತಿತ್ತು. ಕುದುರೆಯಾಳುಗಳನ್ನು ಕತ್ತಿಕೊಟ್ಟು ಕಳುಹಿಸಿದವನು ಯಾರೆಂಬುದನ್ನು ಎಲ್ಲರೂ ಮರೆಯುತ್ತಿದ್ದರು. ಮಂಗಳಾಂತವು ಹೆಣ್ಣಿಗಿಂತ ಹೆಚ್ಚಾಗಿ ಹೆಗ್ಗಡೆಯನ್ನು ಬದುಕಿಸುತ್ತದೆ. ಪಾಠಶಾಲೆಯಲ್ಲಿ ನಾನು ಇದನ್ನು ಎಂದೂ ಯೋಚಿಸಿದವನಲ್ಲ.

ಹೀಗೆ ನೋಡತೊಡಗಿದ ಮೇಲೆ ಭವಭೂತಿಯ ಉತ್ತರರಾಮಚರಿತವನ್ನು ಓದುವಾಗಲೂ ಮನಸ್ಸಿಗೆ ಮುಳ್ಳು ತಾಗಿತು. ಕರುಣರಸದಲ್ಲಿ ಅವನಿಗೆ ಸಮನಾದವರಿಲ್ಲ. ಮೂರನೆಯ ಅಂಕವನ್ನು ಇಂದಿಗೂ ಗಂಟಲು ಬಿಗಿಯದೆ ಓದಲಾರೆ. ಆದರೆ ಕೊನೆಗೆ ಸೀತೆಯನ್ನು ತಂದು ರಾಮನ ಪಕ್ಕದಲ್ಲಿ ನಿಲ್ಲಿಸುತ್ತಾನೆ. ವಾಲ್ಮೀಕಿ ಹಾಗೆ ಮಾಡಲಿಲ್ಲ. ಉತ್ತರಕಾಂಡದಲ್ಲಿ ಸೀತೆ ಭೂಮಿಯೊಳಗೆ ಹೋದವಳು ಹೋದಳು. ರಾಮನು ಎಷ್ಟು ಕೋಪಗೊಂಡರೂ ಅತ್ತರೂ ಭೂಮಿ ಅವಳನ್ನು ಹಿಂದಕ್ಕೆ ಕೊಡಲಿಲ್ಲ. ಸೀತೆಯ ಮುಗಿಯದ ಅಗಲಿಕೆಯವರೆಗೆ ಕರುಣವನ್ನು ನಡೆಯಿಸಿಕೊಂಡು ಹೋದುದೇ ಆದಿಕವಿಯ ಹಿರಿಮೆಯೆಂದು ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ತೋರಿಸಿಕೊಟ್ಟಿದ್ದಾನೆ. ಆದ್ದರಿಂದ ಸರಿಪಡಿಸಲಾಗದ ತಪ್ಪು ಎಂಬ ಭಾವನೆ ನಮಗೆ ಸಮುದ್ರದಾಚೆಯಿಂದ ಬಂತೆನ್ನುವುದು ಸಾಹಸದ ಮಾತು. ಅದು ಇತಿಹಾಸಕಾವ್ಯದಲ್ಲಿದ್ದಿತು, ನಾಟಕದ ನಿಯಮ ಅದನ್ನು ಹೊರಗಿಟ್ಟಿತು.

ಪಂಡಿತರು ಹೊರಗಿಟ್ಟುದನ್ನು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಬಿಟ್ಟಿರಲಿಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ನೆನೆಯಿರಿ. ನೀರು ಬಾರದ ಕೆರೆಗೆ ಕಿರಿಯ ಸೊಸೆಯನ್ನು ಬಲಿಕೊಡಬೇಕೆಂದು ತೀರ್ಮಾನಿಸುವವರು ಮನೆಯ ಹಿರಿಯರೇ. ಕೆರೆ ತುಂಬುತ್ತದೆ. ದಂಡಿನಿಂದ ಬಂದ ಗಂಡ ಅದೇ ನೀರಿಗೆ ಹಾರುತ್ತಾನೆ. ಯಾವ ದೇವತೆಯೂ ಬಂದು ಯಾರನ್ನೂ ಎಬ್ಬಿಸುವುದಿಲ್ಲ. ಆ ಹಾಡನ್ನು ಕಟ್ಟಿದವರು ದಶರೂಪಕವನ್ನು ಓದಿರಲಿಲ್ಲ, ಕ್ಯಾಂಬೆಲ್ಲನ ಹೆಸರನ್ನೂ ಕೇಳಿರಲಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ: ಕಾರಿಹೆಗ್ಗಡೆ ಕೊನೆಗಾದರೂ ಅಳುತ್ತಾನೆ, ಭಾಗೀರಥಿಯ ಮಾವ ಅತ್ತನೆಂದು ಹಾಡು ಹೇಳುವುದಿಲ್ಲ. ಇವೆರಡರಲ್ಲಿ ಯಾವುದು ಹೆಚ್ಚು ಕಠೋರವೆಂದು ಕೇಳಿದರೆ ನಮ್ಮ ಹಾಡನ್ನೇ ತೋರಿಸುತ್ತೇನೆ.

ಹಾಗಾದರೆ ಇಂಗ್ಲಿಷು ಮಾಡಿದ ಉಪಕಾರವೇನು? ಅಡುಗೆಮನೆಯಲ್ಲಿದ್ದುದನ್ನು ಪಂಡಿತರ ಪಡಸಾಲೆಗೆ ತಂದುದು. ಶ್ರೀಯವರಿಗೆ ಇದರ ಅರಿವು ಪೂರ್ಣವಾಗಿದ್ದಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದ ಆ ಮಹನೀಯರು 1928ರಲ್ಲಿ, ಉರ್ದುವಿನ ಪ್ರಾಬಲ್ಯವಿದ್ದ ಅಂದಿನ ನಿಜಾಮ ಸೀಮೆಯ ಕಲಬುರಗಿಗೆ ಬಂದು ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮರುವರ್ಷವೇ ‘ಅಶ್ವತ್ಥಾಮನ್’ ಎಂಬ ರುದ್ರನಾಟಕವನ್ನು ಪ್ರಕಟಿಸಿದರು. ಸೊಫೊಕ್ಲಿಸನ ಗ್ರೀಕ್ ನಾಟಕದ ಎರಕದಲ್ಲಿ ಅದನ್ನು ಹೊಯ್ದು, ಪುರಾಣವು ಚಿರಂಜೀವಿಯೆಂದ ಅಶ್ವತ್ಥಾಮನನ್ನೇ ಸಾಯಿಸಿಬಿಟ್ಟರು. ರಾಮವರ್ಮ ಲೀಲಾವತಿಯರಲ್ಲಿ ಸತ್ತವರು ಎದ್ದಿದ್ದರು. ಇಲ್ಲಿ ಸಾಯಲಾರದವನು ಸತ್ತನು. ನಾಲ್ವತ್ತು ವರ್ಷಗಳಲ್ಲಿ ಕನ್ನಡ ಎಷ್ಟು ದೂರ ನಡೆಯಿತೆಂಬುದಕ್ಕೆ ಇದಕ್ಕಿಂತ ಬೇರೆ ಅಳತೆಗೋಲು ಬೇಡ. ಹಾಗೆಂದು ಅಶ್ವತ್ಥಾಮನ್ ನಾಟಕವನ್ನು ಮೆಚ್ಚುವಷ್ಟು ಅದರಿಂದ ಕರಗಿದ್ದೇನೆಂದು ಹೇಳಲಾರೆ. ಅಲ್ಲಿ ಪಾಂಡಿತ್ಯದ ಶ್ರಮ ಕಾಣುತ್ತದೆ, ಕಾರಿಹೆಗ್ಗಡೆಯ ಪದ್ಯದಲ್ಲಿ ಕಾಣುವುದಿಲ್ಲ.

‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿಯೇ ನೀರಿಗೆ ಬಿದ್ದು ಸತ್ತ ಇನ್ನೊಬ್ಬಳಿದ್ದಾಳೆ. ಥಾಮಸ್ ಹುಡ್ ಕವಿಯ 1844ರ ಪದ್ಯ, ಕನ್ನಡದಲ್ಲಿ ‘ದುಃಖಸೇತು’. ಲಂಡನ್ನಿನ ಸೇತುವೆಯಿಂದ ಹಾರಿದ ಅನಾಥೆಯ ಶವವನ್ನು ಎತ್ತುವವರಿಗೆ ಕವಿ ಹೇಳುವ ಮಾತುಗಳು ಅಲ್ಲಿವೆ. ಸಭೆಗಳಲ್ಲಿ ಅದಕ್ಕೆ ಹೆಚ್ಚು ಕಣ್ಣೀರು ಬರುವುದನ್ನು ನೋಡಿದ್ದೇನೆ. ನನ್ನ ಮನಸ್ಸಿಗೆ ಅದು ಎರಡನೆಯ ಸ್ಥಾನದ್ದು. ಅಲ್ಲಿ ಕನಿಕರ ಎಲ್ಲರಿಗೂ ಸುಲಭ. ತಪ್ಪು ಊರಿನದು, ಲೋಕದ್ದು, ಯಾರೊಬ್ಬರದೂ ಅಲ್ಲ. ಇಲ್ಲಿ ಹೆಸರಿರುವ ಮನುಷ್ಯನೊಬ್ಬನು ದಡದಲ್ಲಿ ನಿಂತಿದ್ದಾನೆ. (ಮುಳುಗಿದ ಅಂಬಿಗನಿಗಾಗಿ ಅಳುವವರನ್ನು ಮಾತ್ರ ಇಬ್ಬರು ಕವಿಗಳೂ ತೋರಿಸಲಿಲ್ಲ. ಅವನಿಗೂ ಮನೆಯಿದ್ದಿರಬೇಕು.)

ಇದೆಲ್ಲ ಹಳೆಯ ಪದ್ಯದ ಮೇಲಿನ ಪಂಡಿತರ ಜಿಜ್ಞಾಸೆಯೆಂದು ವಾಚಕರು ತಳ್ಳಿಹಾಕಬಾರದು. ಮನೆಯವರ ಒಪ್ಪಿಗೆಯಿಲ್ಲದೆ ಮದುವೆಯಾದ ಮಗಳನ್ನು ಮರ್ಯಾದೆಯ ಹೆಸರಿನಲ್ಲಿ ಕೊಂದ ಸುದ್ದಿಯನ್ನು ನಮ್ಮ ನಾಡಿನ ಪತ್ರಿಕೆಗಳಲ್ಲಿ ನಾವು ಇಂದಿಗೂ ಓದುತ್ತಿದ್ದೇವೆ. ಅಂತಹ ಮನೆಗಳಲ್ಲಿಯೂ ಕೆಲವರು ಈ ಪದ್ಯವನ್ನು ಬಾಯಿಪಾಠ ಮಾಡಿದವರೇ ಇದ್ದಾರು. ಹೆಗ್ಗಡೆಯ ಅಳುವನ್ನು ಕೇಳಿ ಮರುಗಿದವರೂ ಇದ್ದಾರು. ನಾನು ಅಷ್ಟು ವರ್ಷ ಪಾಠ ಹೇಳಿದುದು ಹಾಗೆಯೇ: ಪಾಪ, ತಂದೆಯ ಹೃದಯ ನೋಡಿರಿ ಎಂದು.

ಮರುವರ್ಷ ಆ ಪದ್ಯವನ್ನು ಓದಿದಾಗ ಯಾರೂ ಕೇಳದಿದ್ದರೂ, ದೋಣಿ ದಡ ಮುಟ್ಟಿದ್ದರೆ ಹೆಗ್ಗಡೆ ಕ್ಷಮಿಸುತ್ತಿದ್ದನೇ ಎಂದು ತರಗತಿಯನ್ನು ನಾನೇ ಕೇಳಿದೆನು. ಹುಡುಗರು ಬಹುಮಂದಿ ಕ್ಷಮಿಸುತ್ತಿದ್ದನೆಂದು ಕೈಯೆತ್ತಿದರು. ಹುಡುಗಿಯರ ಸಾಲಿನಿಂದ ಒಂದು ಕೈಯೂ ಮೇಲೇಳಲಿಲ್ಲ.